ಸಿಲೋನಿಗೆ ಒಯ್ದ ರೇಷ್ಮೆ ದಾರ

ಸಿಲೋನಿನಲ್ಲಿ ನಡೆದದ್ದು ಇಷ್ಟೇ. ನಮ್ಮ ದಾರ ಮೊದಲು ಮುಳುಗಿತು, ಆಮೇಲೆ ತೇಲಿತು. ಮುಳುಗಿದ್ದು ಚಳಿಗೆ, ತೇಲಿದ್ದು ಚರಬಿಗೆ. ಆ ಚರಬಿ ಸವರಿದ ಕೈ ನನ್ನದು. ಇದರಲ್ಲಿ ದೇವರ ಮಹಿಮೆ ಏನೂ ಇಲ್ಲ, ಸಾಹೇಬರ ದಯೆಯೂ ಇಲ್ಲ.

ಇಲ್ಲಿ ಪುಣೆಯ ಪೇಟೆಯಲ್ಲಿ ಬೇರೆ ಬೇರೆ ಹೇಳುತ್ತಾರೆ. ಮುದುಕಿ ಹಡಗದಾಗ ಮೀನು ತಿಂದಳು ಅಂತ ಒಬ್ಬರು, ಸಾಹೇಬ ಶಾಲು ಹೊದಿಸಿ ಕಳಿಸಿದ ಅಂತ ಇನ್ನೊಬ್ಬರು. ಭಜನೆಗೆ ಕೂಡುವ ನಮ್ಮ ಕನ್ನಡ ಮಂದಿ, "ಆಯೀ, ನೀವ ಬರದು ಕೊಡ್ರಿ, ಎಲ್ಲಾರಿಗೂ ಓದಿ ಹೇಳತೀವಿ" ಅಂದರು. ನಾನು ಕಲಿತದ್ದು ಮೂರನೆಯ ಇಯತ್ತೆ. ಬಂದ ಹಾಗೆ ಬರೆದಿದ್ದೇನೆ.

ನಮ್ಮದು ರೇಷ್ಮೆ ದಾರದ ಕಸಬು. ಬೆಳಗಾವಿ ಕಡೆಯಿಂದ ನನ್ನ ಮಾವನವರು ಅದನ್ನು ಪುಣೆಗೆ ತಂದರು. ಕರೀಮಣಿ ಪೋಣಿಸುವುದು, ಸರಕ್ಕೆ ಗೊಂಡೆ ಕಟ್ಟುವುದು, ದಾರ ಹೆಣೆಯುವುದು. ಮದುವೆ ದಿನಗಳಲ್ಲಿ ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಕೂತು, ಕಣ್ಣೆದುರಿಗೇ ಮಂಗಳಸೂತ್ರ ಪೋಣಿಸಿಕೊಂಡು ಹೋಗುತ್ತಾರೆ. ನನ್ನ ಗಂಡ ಇದ್ದಾಗ ಕ್ಯಾಂಪಿನ, ಅಂದರೆ ಗೋರಾ ದಂಡಿನ, ಒಂದು ಅಂಗಡಿಯವರು ಬಂದು, ಮೀನು ಹಿಡಿಯುವ ದಾರವನ್ನೂ ಹೆಣೆದು ಕೊಡ್ರಿ ಅಂದರು. ಖಡಕವಾಸಲಾ ಕೆರೆಗೆ ಹೋಗುವ ಸಾಹೇಬರಿಗೆ. ಅದು ನೀರೊಳಗೆ ಇಳಿಯುವ ದಾರ. ಮುಳುಗಬೇಕು, ತುಂಡಾಗಬಾರದು, ಅಷ್ಟೇ. ಹೆಣೆಯುವವರು ಗಂಡಸರು. ಹೆಣೆದದ್ದಕ್ಕೆ ಅಗಸಿ ಎಣ್ಣೆ ಕುಡಿಸಿ, ಒಣಗಿಸಿ, ಜೇನುಮೇಣ ಮತ್ತು ರಾಳ ಕಾಯಿಸಿ ತಿಕ್ಕುವವಳು ನಾನು.

ನನಗೆ ಇಬ್ಬರು ಗಂಡುಮಕ್ಕಳು. ಹಿರಿಯವ ಗೋಪಾಳ. ಅಪ್ಪ ಹೋದ ಮೇಲೆ ಕಸಬು ಸಣ್ಣದು ಅಂತ ತೋಪು ಬಂದೂಕಿನ ಮದ್ದಿನ ಕಾರಖಾನೆಗೆ ಸೇರಿದ. ಅಲ್ಲಿ ಒಂದು ಮಧ್ಯಾಹ್ನ ಬಲಗೈ ಮಣಿಕಟ್ಟಿನ ತನಕ ಹೋಯಿತು. ಈಗ ಎಡಗೈಯಿಂದ ರೇಷ್ಮೆ ಸುತ್ತಿ ಕೊಡುತ್ತಾನೆ, ಲಡಿಯನ್ನು ಕಾಲ ಹೆಬ್ಬೆರಳಿಗೆ ಸಿಗಿಸಿಕೊಂಡು. ಕಿರಿಯವ ದಾಮು ಹೆಣಿಗೆಯಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು.

ಯುದ್ಧ ಸುರು ಆದ ಮೇಲೆ ಕ್ಯಾಂಪಿನ ಸಾಹೇಬರು ಕೆರೆ ಬಿಟ್ಟು ರಣಕ್ಕೆ ಹೋದರು. ಮೀನಿನ ದಾರ ಕೇಳುವವರು ಇಲ್ಲದಾಯಿತು. ಬರೇ ಕರೀಮಣಿಯ ಮೇಲೆ ಇಷ್ಟು ಬಾಯಿ ತುಂಬುವುದಿಲ್ಲ. ಅದೇ ಹೊತ್ತಿಗೆ ಅದೇ ಕಾರಖಾನೆಯಿಂದ ದಾಮುವಿಗೂ ಕೆಲಸಕ್ಕೆ ಬಾ ಅಂತ ಕರೆ ಬಂತು.

ಅದರ ಹಿಂದೆಯೇ ಸಿಲೋನಿನ ಸುದ್ದಿ ಬಂತು. ಮೊದಲು ಕ್ಯಾಂಪಿನಲ್ಲಿದ್ದ ಒಬ್ಬ ಕರ್ನಲ್ ಸಾಹೇಬರು ಪಿಂಚಣಿಯ ಮೇಲೆ ಸಿಲೋನಿನ ಗುಡ್ಡದಲ್ಲಿ ಇದ್ದರು. ಅಲ್ಲಿ ಮೀನು ಹಿಡಿಯುವವರದೇ ಒಂದು ಕ್ಲಬ್ಬು. ವಿಲಾಯಿತಿಯಿಂದ ದಾರ ಬರುವುದು ನಿಂತಿತ್ತು. ನಮ್ಮ ಹೆಣಿಗೆ ಅವರಿಗೆ ಗೊತ್ತಿತ್ತು. ಆದರೆ ಅಲ್ಲಿಯದು ಟ್ರೌಟ್ ಅನ್ನುವ ಮೀನು, ಅದಕ್ಕೆ ತೇಲುವ ದಾರ ಬೇಕು. ದಪ್ಪ, ಸಣ್ಣ ಎಲ್ಲ ತರಹ ಹೆಣೆದು ತಂದು, ಇಲ್ಲಿಯೇ ನಮ್ಮ ಮೀನು ಹಿಡಿಯುವ ಗಳಕ್ಕೆ ಹೊಂದಿಸಿ ತೋರಿಸಿರಿ, ಹಿಡಿಸಿದರೆ ಕ್ಲಬ್ಬಿಗೆಲ್ಲ ನೀವೇ ಕೊಡಿರಿ ಅಂತ ಅಂಗಡಿಯವರ ಕೈಲಿ ಹೇಳಿಸಿದರು.

ದಾರ ಅವರಿಗೆ ಹಿಡಿಸಿದರೆ ದಾಮು ಮನೆಯಲ್ಲಿ ಇರುತ್ತಾನೆ. ಹಿಡಿಸದಿದ್ದರೆ ಮದ್ದಿನ ಮನೆಗೆ ಹೋಗುತ್ತಾನೆ. ಇದಿಷ್ಟು ತಿಳಿದುಕೊಂಡು, ಲೇಪ ತಿಕ್ಕುವ ಕೈ ಅಲ್ಲಿ ಬೇಕಾದೀತು ಅಂತ ದಾಮುವಿನ ಸಂಗಡ ನಾನೂ ರೈಲು ಹತ್ತಿದೆ.

ಹೊರಡುವಾಗ ಗೋಪಾಳ ಅಂದ, "ಅವ್ವಾ, ಈ ವಯಸ್ಸಿನ್ಯಾಗ ಸಮುದ್ರ ದಾಟತಿ. ಸೊಸಿ ಕೈ ಅಡಿಗಿ ಅಷ್ಟು ಬ್ಯಾಸರ ಆತೇನು?"

"ಆಕಿ ಅಡಿಗಿ ಛಲೋ ಅದ. ನಿನ್ನ ಮಾತು ಬ್ಯಾಸರ ಆಗೇದ" ಅಂದೆ. ಅವ ನಕ್ಕ. ಎಡಗೈಯಿಂದ ಗಂಟು ಎತ್ತಿ ಕೊಟ್ಟ.

ಮಂಡಪಂ

ಸಮುದ್ರಕ್ಕೆ ಮೊದಲು ಮಂಡಪಂ ಅಂತ ಒಂದು ಊರು. ಉಸುಕು, ಬಿಸಿಲು, ತಗಡಿನ ಸಾಲು ಮನೆಗಳು. ಸಿಲೋನಿಗೆ ಹೋಗುವ ಬಡವರನ್ನು ಅಲ್ಲಿ ನಿಲ್ಲಿಸಿ ನೋಡುತ್ತಾರೆ, ರೋಗ ಒಯ್ಯುತ್ತಾರೋ ಅಂತ. ಚಹಾ ತೋಟದ ಕೂಲಿಗೆ ಹೊರಟ ತಮಿಳು ಮಂದಿ ನೂರಾರು. ನಮ್ಮನ್ನೂ ಅವರ ಸಾಲಿಗೇ ಹಚ್ಚಿದರು. ನಾಲಿಗೆ ನೋಡಿದರು, ಕಣ್ಣಿನ ರೆಪ್ಪೆ ಮಗುಚಿ ನೋಡಿದರು. ಪುಣೆಯಲ್ಲಿ ಪ್ಲೇಗು ಬಂದಾಗ ಗೋರಾ ಸಿಪಾಯಿಗಳು ಮನೆ ಹೊಕ್ಕದ್ದನ್ನು ನೋಡಿದವಳು ನಾನು. ಇಲ್ಲಿ ಹಾಗೆ ಏನೂ ಮಾಡಲಿಲ್ಲ, ಮಾತು ಮೆತ್ತಗೆ ಇತ್ತು. ಆದರೆ ಸಾಲು ಸಾಲೇ.

ಆಮೇಲೆ ಅರಿವೆ ಗಂಟುಗಳನ್ನೆಲ್ಲ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟು ಉಗಿ ಬಿಡುತ್ತಾರೆ ಅಂತ ಗೊತ್ತಾಯಿತು. ನಮ್ಮ ದಾರ ಗಂಟಿನಲ್ಲಿಯೇ ಇತ್ತು. ಎಣ್ಣೆ ಕುಡಿದ ರೇಷ್ಮೆಗೆ ಉಗಿ ತಾಗಿದರೆ ಎಲ್ಲ ಒಂದಕ್ಕೊಂದು ಅಂಟಿ ಬೆಲ್ಲದ ಪಾಕ ಆಗುತ್ತದೆ. ದಾಮು ಅಲ್ಲಿಯ ಕಾರಕೂನನಿಗೆ ಹಿಂದೂಸ್ತಾನಿಯಲ್ಲಿ ಹೇಳಿದ, ಮರಾಠಿಯಲ್ಲಿ ಹೇಳಿದ. ಅವನಿಗೆ ಎರಡೂ ಬರುತ್ತಿರಲಿಲ್ಲ. ಇವರು ಕೈ ಆಡಿಸುತ್ತ ನಿಂತಾಗ ನಾನು ಹೆಣ್ಣುಮಕ್ಕಳ ಕೋಣೆಗೆ ಹೋಗಿ, ದಾರದ ಸುರುಳಿಗಳನ್ನೆಲ್ಲ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು ಮೇಲೆ ಸೀರೆ ಉಟ್ಟು ಬಂದೆ.

ಹೊರಗೆ ಬಂದಾಗ ದಾಮು ನನ್ನನ್ನು ನೋಡಿ, "ಅವ್ವಾ, ಒಮ್ಮಿಂದೊಮ್ಮೆಲೆ ದಪ್ಪ ಆದಿ" ಅಂದ.

"ಸಾಲಿನ್ಯಾಗ ನಿಲ್ಲು. ಬಾಯಿ ಮುಚ್ಚು."

ಹಾಗೆಯೇ ಹಡಗು ಹತ್ತಿದೆ. ದಾರದ ಕೆಳಗೆ ಬೆವರು ಕಡಿಯುತ್ತಿತ್ತು.

ಹಡಗು

ಹಡಗಿನ ಬಗ್ಗೆ ಬರೆಯುವುದು ಭಾಳ ಇಲ್ಲ. ಸ್ವಲ್ಪ ಹೊತ್ತಿನ ದಾರಿ. ನಮ್ಮ ಕಡೆಯ ದಂಡೆ ಕಣ್ಣಿಗೆ ಮರೆಯಾಗುವ ಮೊದಲೇ ಆಚೆಯದು ಕಾಣುತ್ತದೆ ಅಂದಿದ್ದರು. ನಾನು ಯಾವುದನ್ನೂ ನೋಡಲಿಲ್ಲ, ತಲೆ ತಗ್ಗಿಸಿ ವಾಂತಿ ಮಾಡಿದೆ.

ನನ್ನ ಪಕ್ಕದಲ್ಲಿ ಕೂಲಿಗೆ ಹೊರಟ ಒಬ್ಬ ಹೆಣ್ಣುಮಗಳು. ತೊಡೆಯ ಮೇಲೆ ಮಸಾಲೆ ಅರೆಯುವ ಗುಂಡುಕಲ್ಲು ಇಟ್ಟುಕೊಂಡಿದ್ದಳು, ಕೂಸನ್ನು ಇಟ್ಟುಕೊಂಡ ಹಾಗೆ. ಬುಡದ ಚಪ್ಪಟೆ ಕಲ್ಲು ಇಲ್ಲ, ಬರೇ ಗುಂಡು. ಕೈಸನ್ನೆಯಿಂದ ಕೇಳಿದೆ, ಬುಡದ್ದು ಎಲ್ಲಿ? ಅವಳು ಹಿಂದಕ್ಕೆ, ನಮ್ಮ ದೇಶದ ಕಡೆಗೆ ಕೈ ತೋರಿಸಿದಳು. ಅಲ್ಲಿ ಯಾರ ಹತ್ತಿರ ಬಿಟ್ಟಳು, ಯಾಕೆ ಅರ್ಧ ತಂದಳು, ನನಗೆ ಕೇಳಲಿಕ್ಕೆ ಮಾತು ಇರಲಿಲ್ಲ. ನನ್ನ ಬೆನ್ನು ತಿಕ್ಕಿದಳು. ಇಳಿಯುವಾಗ ಸಾಲಿನಲ್ಲಿ ಹೋದಳು. ಮತ್ತೆ ಕಾಣಲಿಲ್ಲ.

ನುವರ ಎಲಿಯ

ಗುಡ್ಡದ ಊರು. ರೈಲು ಸುತ್ತಿ ಸುತ್ತಿ ಏರುತ್ತದೆ, ಏರಿದ ಹಾಗೆ ಚಳಿ. ನಾನು ಚಳಿ ಅಂದರೆ ಪುಣೆಯ ಮಾರ್ಗಶಿರ ಮಾಸದ್ದು ಅಂತ ತಿಳಿದಿದ್ದೆ. ಅದು ಚಳಿಯೇ ಅಲ್ಲ. ಇಲ್ಲಿ ನಡು ಹಗಲಿಗೂ ಬಾಯಿಂದ ಹೊಗೆ ಬರುತ್ತದೆ. ಮನೆಗಳು ವಿಲಾಯಿತಿಯ ಚಿತ್ರದಲ್ಲಿ ಇದ್ದ ಹಾಗೆ, ಅಂಗಳದಲ್ಲಿ ಗುಲಾಬಿ. ಬಾಜಾರದ ಹಿಂದಿನ ಸಾಲಿನಲ್ಲಿ ಮಾತ್ರ ನಮ್ಮಂಥ ಮಂದಿ.

ನಾವು ಇಳಿದದ್ದು ಮುತ್ತಮ್ಮ ಅನ್ನುವವಳ ಮನೆಯಲ್ಲಿ. ಹೋಗಿ ಬರುವವರಿಗೆ ಊಟ, ಮಲಗಲು ಜಾಗ ಕೊಡುವವಳು. ನನ್ನ ವಯಸ್ಸಿನವಳೇ, ವಿಧವೆ. ಹಿಂದೆ ಬೆಂಗಳೂರು ದಂಡಿನಲ್ಲಿ ಒಬ್ಬ ಸಾಹೇಬರ ಮನೆಗೆ ಅಡಿಗೆಗಿದ್ದಳಂತೆ, ಅವರ ಸಂಗಡ ಇಲ್ಲಿಗೆ ಬಂದು ಇಲ್ಲಿಯೇ ಉಳಿದವಳು. ಅವಳ ಕನ್ನಡ ಕೇಳಿ ನನಗೆ ನಗು ಬಂತು, ನನ್ನದು ಕೇಳಿ ಅವಳಿಗೆ.

"ಏನಮ್ಮಾ ಇದು, ಕನ್ನಡಾನಾ ನೀವು ಮಾತಾಡ್ತಿರೋದು?"

"ಮತ್ತೇನು ಹಾಡಲಿಕ್ಕೆ ಹತ್ತೀನೇನು?"

"ಜಗಳ ಆಡ್ದಂಗೇ ಇದೆ."

"ಜಗಳ ಆಡಿದಾಗ ನೋಡಿಲ್ಲ ನೀ."

ಮೊದಲನೆಯ ಊಟಕ್ಕೆ ಅನ್ನ, ಬೇಳೆ, ಹಸಿಕೊಬ್ಬರಿಯ ಕೆಂಪು ಚಟ್ನಿ ಹಾಕಿದಳು. ನಾವು ಮಾಂಸ ತಿನ್ನುವವರಲ್ಲ ಅಂತ ದಾಮು ಮೊದಲೇ ಹೇಳಿದ್ದ. ಚಟ್ನಿ ಛಲೋ ಇತ್ತು, ಎರಡು ಸಲ ಹಾಕಿಸಿಕೊಂಡೆ. ಮನೆಗೆ ಹೋಗಿ ಸೊಸೆಗೆ ಕಲಿಸಬೇಕು ಅಂತ, ಏನೇನು ಹಾಕಿದಿ ಅಂತ ಕೇಳಿದೆ. ಕೊಬ್ಬರಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ನಿಂಬೆಹಣ್ಣು ಎಂದು ಹೇಳುತ್ತ ಹೋಗಿ, ಕಡೆಗೆ ಡಬ್ಬಿಯಿಂದ ಕಟ್ಟಿಗೆಯ ಚೂರಿನಂಥದ್ದು ಒಂದು ತೆಗೆದು ತೋರಿಸಿದಳು. ಒಣಗಿಸಿದ ಮೀನು. ಕುಟ್ಟಿ ಒಂದು ಚಿಟಿಕೆ ಹಾಕುತ್ತಾರೆ, ಈ ದೇಶದಲ್ಲಿ ಪಲ್ಯಕ್ಕೂ ಹಾಕುತ್ತಾರೆ.

"ಅಯ್ಯೋ, ಇದು ಮಾಂಸ ಅಲ್ವಲ್ಲಮ್ಮ, ಇದು ಉಪ್ಪಿದ್ದಂಗೆ" ಅಂದಳು. ಬೇಕಂತ ಮಾಡಿದವಳಲ್ಲ. ಅವಳ ಮುಖ ಸಣ್ಣದಾಯಿತು.

ನಾನು ಹೊರಗೆ ಹೋಗಿ ಬಾಯಿ ಮುಕ್ಕಳಿಸಿದೆ. ನೀರು ಹಲ್ಲಿಗೆ ಕಡಿಯಿತು. ಹೊಟ್ಟೆಯೊಳಗೆ ಹೋದದ್ದಕ್ಕೆ ಮುಕ್ಕಳಿಸಿ ಏನು ಉಪಯೋಗ? ತಿರುಗಿ ಬಂದು ಬೇಳೆ ಅನ್ನ ಉಂಡೆ. ಮುಂದೆ ಅವಳು ನನ್ನ ಗಡಿಗೆ ಬೇರೆ ಮಾಡಿದಳು. ಪೇಟೆಯಲ್ಲಿ ಹಬ್ಬಿದ ಮೀನಿನ ಕಥೆಗೆ ಇಷ್ಟೇ ಬುಡ. ಹಡಗಿನಲ್ಲಿ ಅಲ್ಲ, ಮುತ್ತಮ್ಮನ ಮನೆಯಲ್ಲಿ. ತಿಂದದ್ದು ಒಂದು ಚಿಟಿಕೆ.

ಹೊಳೆಯ ದಂಡೆ

ಮರುದಿನ ಕರ್ನಲ್ ಸಾಹೇಬರು ನಮ್ಮನ್ನು ಹೊಳೆಗೆ ಕರೆದರು. ಹೊಳೆ ಅಂದರೆ ನಮ್ಮ ಮುಳಾ ಮುಠಾ ಅಲ್ಲ. ಒಂದು ಎಮ್ಮೆ ಅಡ್ಡ ಮಲಗಿದರೆ ತುಂಬುವಷ್ಟು ಅಗಲ, ಗಾಜಿನಂಥ ನೀರು. ಮೀನು ಕಾಣುತ್ತವೆ, ಮೈ ಮೇಲೆ ಕುಂಕುಮದ ಚುಕ್ಕಿ ಇಟ್ಟ ಹಾಗೆ.

ಆ ಮೀನು ಈ ದೇಶದ್ದಲ್ಲವಂತೆ. ವಿಲಾಯಿತಿಯಿಂದ ತತ್ತಿಗಳನ್ನು ಹಡಗಿನಲ್ಲಿ ಮಂಜುಗಡ್ಡೆಯ ನಡುವೆ ಇಟ್ಟು ತಂದು ಇಲ್ಲಿ ಬಿಟ್ಟರಂತೆ, ದಾಮು ಹೇಳಿದ. ನಾವು ಎಲ್ಲಿಗೆ ಹೋದರೂ ಅಗಸಿ ಹಿಂಡಿ, ಶೇಂಗಾ ಹಿಂಡಿ ಅಂತ ಚಟ್ನಿಪುಡಿಗಳ ಗಂಟು ಕಟ್ಟಿ ಒಯ್ಯುತ್ತೇವೆ. ಇವರು ಹೊಳೆಯ ಮೀನನ್ನೇ ಒಯ್ದರು. ಅದಕ್ಕಿಂತ ದೊಡ್ಡ ಆಶ್ಚರ್ಯ, ಸಾಹೇಬರು ಹಿಡಿದ ಸಣ್ಣ ಮೀನನ್ನು ಗಾಳ ಬಿಡಿಸಿ ತಿರುಗಿ ನೀರಿಗೇ ಬಿಟ್ಟದ್ದು.

"ಬಿಡೋದಿದ್ದರ ಹಿಡಿಯೋದು ಯಾಕ?" ಅಂತ ದಾಮುವಿಗೆ ಕೇಳಿದೆ.

"ಕೇಳಬ್ಯಾಡ ಅವ್ವಾ. ದಾರ ತಗೊಳ್ಳೋ ತನಕ ಏನೂ ಕೇಳಬ್ಯಾಡ."

ತೇಲುವ ದಾರ ಯಾಕೆ ಬೇಕು ಅನ್ನುವುದು ಅಲ್ಲಿ ಕಣ್ಣಿಗೆ ಕಂಡಿತು. ಈ ಗಾಳಕ್ಕೆ ಹುಳ ಇಲ್ಲ, ಹಿಟ್ಟು ಇಲ್ಲ. ಪುಕ್ಕ ಕಟ್ಟಿ ಸೊಳ್ಳೆಯ ಹಾಗೆ ಮಾಡಿರುತ್ತಾರೆ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ಎಸೆಯುವುದು ಗಾಳವನ್ನಲ್ಲ, ದಾರವನ್ನು. ದಾರ ಗಾಳಿಯಲ್ಲಿ ಹಿಂದಕ್ಕೆ ಹೋಗಿ, ಮುಂದಕ್ಕೆ ಬಂದು, ನೀರಿನ ಮೇಲೆ ಕೂದಲಿನಂತೆ ಮಲಗಬೇಕು. ಅದು ಮುಳುಗಿದರೆ ಸೊಳ್ಳೆಯೂ ಮುಳುಗುತ್ತದೆ, ಮೀನು ತಿರುಗಿಯೂ ನೋಡುವುದಿಲ್ಲ. ಅದಕ್ಕಾಗಿ ದಾರದ ನಡು ದಪ್ಪ, ಎರಡೂ ತುದಿ ಸಣ್ಣ. ದಾಮು ಎಳೆ ಸೇರಿಸುತ್ತ, ಬಿಡುತ್ತ ಹಾಗೆಯೇ ಹೆಣೆದಿದ್ದ. ಬೆರಳಿಗೆ ಎಲ್ಲಿಯೂ ಗಂಟು ತಾಗುವುದಿಲ್ಲ.

ಸಾಹೇಬರು ಮೊದಲು ತಮ್ಮ ಗಳಕ್ಕೆ ಹೊಂದುವುದನ್ನು ಆರಿಸಿದರು. ದಪ್ಪನೆಯದು ಹಾಕಿದರೆ ಗಳ ಬಾಗಿ ಸುಸ್ತಾಗುತ್ತದೆ, ಸಣ್ಣದಾದರೆ ದಾರ ಮುಂದಕ್ಕೆ ಹೋಗುವುದಿಲ್ಲ. ನಡುವಿನದು ಕೂಡಿತು. ಸೊಸೆ ಆರಿಸಿದ ಹಾಗೇ, ಮನೆಗೆ ಹೊಂದಬೇಕು.

ಆಮೇಲೆ ಮೂರು ದಾರ ನೀರಿಗೆ ಬಿಟ್ಟರು. ಕ್ಲಬ್ಬಿನ ಹಳೆಯ ವಿಲಾಯಿತಿ ದಾರ ಒಂದು, ಕೊಲಂಬೊದ ಅಂಗಡಿಯದು ಒಂದು, ನಮ್ಮದು ಒಂದು. ಒಂದೊಂದರ ತುದಿಯನ್ನು ಒಂದೊಂದು ಗೂಟಕ್ಕೆ ಕಟ್ಟಿ, ಹೊಳೆ ಸಾವಕಾಶ ಹರಿಯುವ ಕಡೆ ಬಿಟ್ಟು, ಸಾಹೇಬರು ಕಲ್ಲಿನ ಮೇಲೆ ಕೂತು ಚಹಾ ಕುಡಿದರು. ನಮಗೂ ಕೊಡಿಸಿದರು. ನಾನು ಕುಡಿಯಲಿಲ್ಲ, ಬಟ್ಟಲನ್ನು ಕೈ ಕಾಯಿಸಿಕೊಳ್ಳಲಿಕ್ಕೆ ಹಿಡಿದುಕೊಂಡೆ.

ವಿಲಾಯಿತಿ ದಾರ ತೇಲಿತು. ಆದರೆ ಅದು ಮುದಿಯಾಗಿ ಮೈಯೆಲ್ಲ ಅಂಟು ಬಿಟ್ಟುಕೊಂಡಿತ್ತು. ಕೊಲಂಬೊದ್ದು ತೇಲಿತು. ಆದರೆ ಹೆಣಿಗೆ ಸಡಿಲ, ಸುರುಳಿ ಬಿಚ್ಚುವುದಿಲ್ಲ. ನಮ್ಮದು ಸ್ವಲ್ಪ ಹೊತ್ತು ತೇಲಿತು. ಆಮೇಲೆ ನಡು ಇಳಿಯಿತು, ನಡುವಿನ ಹಿಂದೆ ತುದಿ. ನೋಡ ನೋಡುತ್ತ ಕಲ್ಲುಗಳ ನಡುವೆ ಹೋಗಿ ಮಲಗಿತು.

ದಾಮು ಎಳೆದುಕೊಂಡು ಬೆರಳಾಡಿಸಿ ನೋಡಿದ. ನನ್ನ ಕೈಗೆ ಕೊಟ್ಟ. ಮೇಣ ಮತ್ತು ರಾಳ ಚಳಿಗೆ ಬಳೆಯ ಹಾಗೆ ಬಿರಿದಿತ್ತು. ಬಿರಿದಲ್ಲೆಲ್ಲ ರೇಷ್ಮೆ ನೀರು ಕುಡಿದಿತ್ತು. ಪುಣೆಯ ಬಿಸಿಲಿಗೆ ಬೆಣ್ಣೆಯಂತೆ ಇರುವುದು ಇಲ್ಲಿ ಗಾಜು ಆಗುತ್ತದೆ ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದು ಹೇಗೆ? ನಮ್ಮ ಮನೆಯಲ್ಲಿ ಮೊದಲಿನಿಂದ ಅದನ್ನೇ ತಿಕ್ಕುತ್ತಿದ್ದೆವು.

ಸಾಹೇಬರು ಸಿಟ್ಟಾಗಲಿಲ್ಲ. ಅವರ ಹಿಂದೂಸ್ತಾನಿ ಕ್ಯಾಂಪಿನದು, ನನಗೂ ತಿಳಿಯುತ್ತಿತ್ತು. "ಹೆಣಿಗೆ ಮೂರರಾಗೂ ನಿಮ್ಮದ ಛಲೋ. ಮೇಲಿನ ಲೇಪ ಕೆಟ್ಟದು. ಲೇಪ ತೆಗೆದು, ಇದನ್ನು ಹಚ್ಚಿ ಶನಿವಾರ ತರ್ರಿ. ತೇಲಿದರ ತಗೋತೀನಿ, ಇಲ್ಲಂದರ ಇಲ್ಲ" ಅನ್ನುವ ಅರ್ಥದ ಮಾತು ಹೇಳಿ, ಕೋಟಿನ ಕಿಸೆಯಿಂದ ಒಂದು ಚಪ್ಪಟೆ ಡಬ್ಬಿ ತೆಗೆದು ದಾಮುವಿನ ಮುಂದೆ ಹಿಡಿದರು.

ದಾಮು ಕೇಳಿದ, ಇದರೊಳಗೆ ಏನು?

ಜಿಂಕೆಯ ಚರಬಿ ಅಂದರು.

ದಾಮು ಕೈ ಚಾಚಲಿಲ್ಲ. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡ. ಸಾಹೇಬರ ಕೈ ಹಾಗೆಯೇ ಗಾಳಿಯಲ್ಲಿ ಉಳಿಯಿತು. ಅವರ ಮುಖ ಕೆಂಪಾಯಿತು. ತಮಗೆ ಉದ್ಧಟತನ ತೋರಿಸಿದ ಅಂತ ತಿಳಿದರೇನೋ. ನಾನು ಸೆರಗು ಒಡ್ಡಿದೆ. ಡಬ್ಬಿಯನ್ನು ಅದರೊಳಗೆ ಹಾಕಿ, ನಮ್ಮ ಕಡೆ ನೋಡದೆ ಗಳ ಬಿಚ್ಚತೊಡಗಿದರು.

ಮುತ್ತಮ್ಮನ ಪಡಸಾಲೆ

ಓದುವವರು ನಗಬಹುದು. ಒಂದು ಡಬ್ಬಿ ಚರಬಿಗೆ ಇಷ್ಟು ಯಾಕೆ ಅಂತ. ಮನೆಯಲ್ಲಿ ಮಾಂಸ ಇಲ್ಲ ಅನ್ನುವುದು ಒಂದು ಮಾತು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ದಾಮುವಿನ ಮುಂದೆ ಕೂತು ಕರೀಮಣಿ ಪೋಣಿಸಿಕೊಳ್ಳುವ ಹೆಣ್ಣುಮಕ್ಕಳು, ಆ ಕೈ ಏನು ಮುಟ್ಟುತ್ತದೆ, ಏನು ಮುಟ್ಟುವುದಿಲ್ಲ ಅಂತ ಗೊತ್ತಿದ್ದೇ ಬರುತ್ತಾರೆ. ಪೋಣಿಸುವ ದಿನ ಅವನು ಸ್ನಾನ ಮಾಡಿ, ಏನೂ ತಿನ್ನದೆ ಕೂಡುತ್ತಾನೆ. ಆ ಕೈಗೆ ಚರಬಿ ಹತ್ತಿತು ಅಂದರೆ ಪೇಟೆಯಲ್ಲಿ ಒಂದು ಮಣಿಯೂ ನಮ್ಮ ಹೊಸಿಲು ದಾಟುವುದಿಲ್ಲ.

ಸಂಜೆ ಒಲೆಯ ಮುಂದೆ ಕೂತಿದ್ದೆವು. ಡಬ್ಬಿ ನಡುವೆ ಇತ್ತು.

ದಾಮು ಅಂದ, "ನಾನ ಹಚ್ಚತೀನಿ ಅವ್ವಾ. ಪುಣೇದಾಗ ಯಾರಿಗೆ ಗೊತ್ತಾಗ್ತದ?"

"ನಿನಗ ಗೊತ್ತಿರ್ತದ. ನಾಳೆ ಯಾವಕಿಯೋ ಮದುವಿ ಹುಡುಗಿ ನಿನ್ನ ಮುಂದ ಕೂಡತಾಳ. ಆಕಿ ಕೊರಳಿಗೆ ಸುಳ್ಳು ಕಟ್ಟತೀಯೇನು?"

"ಹಂಗಾರ ಬ್ಯಾಡ. ಡಬ್ಬಿ ತಿರುಗಿ ಕೊಡೋಣು. ಊರಿಗೆ ಹೋಗಿ ಕಾರಖಾನಿ ಕೆಲಸ ಹಿಡೀತೀನಿ. ಎಲ್ಲಾರ ಕೈ ಏನ ಹೋಗೂದಿಲ್ಲಲಾ."

ನಾನು ಅವನ ಬೆರಳು ನೋಡಿದೆ. ಸುಮ್ಮನೆ ಕೂತಾಗಲೂ ಹೆಣೆಯುತ್ತಿರುತ್ತವೆ ಅವು. ಸೀರೆಯ ಅಂಚು ಸಿಕ್ಕರೆ ಅಂಚು, ಹುಲ್ಲು ಸಿಕ್ಕರೆ ಹುಲ್ಲು.

ಮುತ್ತಮ್ಮ ಅಕ್ಕಿ ಆರಿಸುತ್ತ ಕೂತವಳು ನಡುವೆ ಬಾಯಿ ಹಾಕಿದಳು. "ಯಾರಾದ್ರೂ ಕೂಲಿಯವನ ಕೈಲಿ ಹಚ್ಚಿಸಿ. ಅದಕ್ಕೇನು?"

"ಈ ಶನಿವಾರ ಹಚ್ಚಿಸಬಹುದು" ಅಂದ ದಾಮು. "ಮುಂದ? ಸಾಹೇಬ್ರು ದಾರ ಹಿಡಿಸಿದರ ಹಚ್ಚಿದ್ದನ್ನ ಕಳಸ್ರಿ ಅಂತಾರ. ಅಲ್ಲಿ ನಮ್ಮ ಮನ್ಯಾಗ ಯಾರು ಹಚ್ಚಬೇಕು? ಅಣ್ಣಗ ಒಂದ ಕೈ. ಪಾರ್ವತಿ ಹಚ್ಚತಾಳೇನು? ಆಕಿ ದೇವರಿಗೆ ನೈವೇದ್ಯ ಮಾಡಾಕಿ."

ಪಾರ್ವತಿ ಅಂದರೆ ಗೋಪಾಳನ ಹೆಂಡತಿ, ನನ್ನ ಸೊಸೆ. ಅವನು ಹೇಳಿದ್ದು ಖರೆ.

ಆಗ ನಾನು ನನ್ನ ಕೈ ನೋಡಿಕೊಂಡೆ. ಗಂಡ ಹೋದ ದಿನದಿಂದ ಈ ಕೈಗೆ ಯಾರೂ ಕರೀಮಣಿ ಕೊಟ್ಟಿಲ್ಲ. ಅದಕ್ಕೂ ಮೊದಲು ಪೇಟೆಯಲ್ಲಿ ಎಷ್ಟು ಮದುವೆಯ ಮಂಗಳಸೂತ್ರ ಪೋಣಿಸಿದ್ದೆ ನಾನು. ಆ ದಿನ ಆದ ಮೇಲೆ ಹೆಣ್ಣುಮಕ್ಕಳು ಬಂದರೆ ನಾನೇ ಎದ್ದು ಒಳಗೆ ಹೋಗುತ್ತೇನೆ. ಯಾರೂ ಹೋಗು ಅಂದಿಲ್ಲ, ರೂಢಿ ಅದು. ಮೇಣದ ಕೆಲಸ ಮಾತ್ರ ನನಗೆ ಬಿಟ್ಟಿದ್ದರು. ಮೀನಿನ ದಾರಕ್ಕೆ ಮುತ್ತೈದೆ ಬೇಕಿಲ್ಲವಲ್ಲ.

"ಡಬ್ಬಿ ಇತ್ತ ಕೊಡು" ಅಂದೆ.

ದಾಮು ತಲೆ ಎತ್ತಿದ. "ನೀ ಹಚ್ಚತಿ? ನಿನ್ನ ಮಡಿ?"

"ನನ್ನ ಮಡಿ ತಗೊಂಡು ಯಾರ ಕೊರಳಿಗೆ ಏನ ಕಟ್ಟೋದದ? ಈ ಕೈ ಇನ್ನ ಮ್ಯಾಲೆ ಇದಕ್ಕ ಇರಲಿ. ನಿನ್ನ ಕೈ ಹೆಣೀಲಿಕ್ಕೆ, ಪೋಣಿಸಲಿಕ್ಕೆ ಇರಲಿ. ಕೇಳಿದವರಿಗೆ ಹಂಗ ಹೇಳು. ಮುಚ್ಚಿ ಇಡಬ್ಯಾಡ."

"ಅಡಿಗಿ ಮನಿ?"

"ಅದನ್ನ ಪಾರ್ವತಿ ನೋಡಕೋತಾಳ."

"ದೇವರ ಮನಿ?"

ದೇವರ ಮನೆಯ ದೀಪ ದಿನಾ ಹಚ್ಚುವವಳು ನಾನೇ. ದಾಮುವಿಗೆ ಅದು ಗೊತ್ತಿತ್ತು. ಅವನು ಎದ್ದು ಬಾಗಿಲಿನ ಹೊರಗೆ ಹೋಗಿ ನಿಂತ.

ಮುತ್ತಮ್ಮ ಅಕ್ಕಿಯ ಮೊರ ಬದಿಗೆ ಇಟ್ಟು, ಡಬ್ಬಿಯ ಮುಚ್ಚಳ ತೆಗೆಯಲಿಕ್ಕೆ ನನಗೆ ಚಾಕು ತಂದು ಕೊಟ್ಟಳು.

ಹಳೆಯ ಲೇಪವನ್ನು ಟರ್ಪೆಂಟೈನಿನ ಅರಿವೆಯಿಂದ ತಿಕ್ಕಿ ತೆಗೆಯಲಿಕ್ಕೆ ಒಂದು ದಿನ ಹಿಡಿಯಿತು. ಅದನ್ನು ದಾಮು ಮಾಡಿದ. ಒಣಗಲಿಕ್ಕೆ ಇನ್ನೊಂದು ದಿನ, ಅಲ್ಲಿಯ ಬಿಸಿಲಿಗೆ ಜೀವವೇ ಇಲ್ಲ. ಆಮೇಲೆ ನಾನು ಕೂತೆ. ಚರಬಿ ಬಿಳಿ, ತುಪ್ಪದ ಹಾಗೇ ಇರುತ್ತದೆ. ವಾಸನೆ ತುಪ್ಪದ್ದಲ್ಲ. ಹೆಬ್ಬೆರಳಿಗೆ ಒಂದಿಷ್ಟು ತೆಗೆದುಕೊಂಡು, ಬೆರಳುಗಳ ನಡುವೆ ದಾರ ಹಿಡಿದು ಎಳೆಯುತ್ತ ಹೋಗಬೇಕು. ಹೆಚ್ಚಾದರೆ ಧೂಳು ಹಿಡಿಯುತ್ತದೆ, ಕಡಿಮೆಯಾದರೆ ನೀರು ಹೊಗುತ್ತದೆ. ಮೊದಲ ಮೊಳವನ್ನು ಮುಖ ಆಚೆ ತಿರುಗಿಸಿ ಎಳೆದೆ. ಕಡೆಯ ಮೊಳಕ್ಕೆ ಬರುವಾಗ ಕೈ ತನ್ನ ಕೆಲಸ ತಾನು ಮಾಡುತ್ತಿತ್ತು. ಕೈಗೆ ಮಡಿ ಗೊತ್ತಿಲ್ಲ, ಕೆಲಸ ಗೊತ್ತು.

ಶನಿವಾರ

ಮತ್ತೆ ಅದೇ ಗೂಟ, ಅದೇ ನೀರು. ಈ ಸಲ ಸಾಹೇಬರ ಸಂಗಡ ಕ್ಲಬ್ಬಿನ ಇನ್ನಿಬ್ಬರು ಬಂದಿದ್ದರು. ಚಹಾ ಆಯಿತು, ಪೈಪು ಆಯಿತು. ದಾರ ನೀರಿನ ಮೇಲೆ ಇತ್ತು. ಮೋಡ ಬಂದು ಸಣ್ಣ ಜಿಟಿಜಿಟಿ ಹನಿಯಿತು, ಆಗಲೂ ಇತ್ತು. ಸಾಹೇಬರು ಅದನ್ನು ಎತ್ತಿ ಗಳಕ್ಕೆ ಹಾಕಿ ಎಸೆದರು. ಹೋಗಿ ಮಲಗಿತು. ಸದ್ದಿಲ್ಲ. ನಾನು ಈ ಕಸಬಿನಲ್ಲಿ ಮುದುಕಿಯಾದವಳು, ನಮ್ಮ ದಾರ ಏನು ಮಾಡುತ್ತದೆ ಅಂತ ಅಂದು ಮೊದಲ ಸಲ ನೋಡಿದೆ.

ಸಾಹೇಬರು ದಾರ ತೆಗೆದುಕೊಂಡರು. ಯುದ್ಧ ಇರುವ ತನಕ ಎಷ್ಟು ಹೆಣೆದರೆ ಅಷ್ಟು ಕಳಿಸಿರಿ, ಚರಬಿ ಹಚ್ಚಿಯೇ ಕಳಿಸಿರಿ ಅಂದರು. ಜಿಂಕೆಯದು ಸಿಗದಿದ್ದರೆ ಕುರಿಯದು ನಡೆಯುತ್ತದೆ. ಮೂತ್ರಪಿಂಡದ ಸುತ್ತಲಿನದನ್ನು ಕರಗಿಸಿ, ಸೋಸಿ, ಗಟ್ಟಿ ಆಗದ ಹಾಗೆ ಒಂದಿಷ್ಟು ಅಗಸಿ ಎಣ್ಣೆ ಬೆರೆಸಿರಿ ಅಂತ ಹೇಳಿಕೊಟ್ಟರು. ನನ್ನನ್ನು ನೋಡಿ, "ಮಾಯೀ, ಅಚ್ಛಾ ಕಾಮ್" ಅಂದರು. ಶಾಲು ಹೊದಿಸಲಿಲ್ಲ. ಕೆಲಸ ಛಲೋ ಇತ್ತು, ಛಲೋ ಅಂದರು, ಮುಗಿಯಿತು.

ದಾಮು ಹಾದಿಯುದ್ದಕ್ಕೂ ನನಗಿಂತ ನಾಲ್ಕು ಮಾರು ಮುಂದೆ ನಡೆದ. ಸಂತೋಷ ಆದವರ ನಡಿಗೆ ಅಲ್ಲ ಅದು. ಮುತ್ತಮ್ಮನ ಮನೆ ಹತ್ತಿರ ಬಂದಾಗ ನಿಂತ.

"ಅವ್ವಾ, ದೀಪ ಯಾರು ಹಚ್ಚಬೇಕು?"

"ಕೆಲಸ ಸಿಕ್ಕತು. ನಡಿ" ಅಂದೆ.

ಹೊರಡುವ ದಿನ ಮುತ್ತಮ್ಮ ಬುತ್ತಿ ಕಟ್ಟಿದಳು. ಕೊಡುವ ಮೊದಲು ಬಿಚ್ಚಿ, ಒಂದೊಂದೇ ತೋರಿಸಿ, ಇದರಲ್ಲಿ ಏನೇನಿದೆ ಅಂತ ಹೇಳಿ, ಮತ್ತೆ ಕಟ್ಟಿಕೊಟ್ಟಳು.

ಪುಣೆ

ಮನೆಗೆ ಬಂದದ್ದು ಮಧ್ಯಾಹ್ನ. ಗೋಡೆಗೆ ಆತು ಕೂತು ಎಲ್ಲ ಹೇಳಿದೆ. ಗೋಪಾಳ ಕೇಳಿ ತನ್ನ ಮೊಂಡುಗೈಯನ್ನು ಧೋತರದ ಅಡಿಗೆ ಎಳೆದುಕೊಂಡ. ದಾಮು ಕಾರಖಾನೆಗೆ ಹೋಗುವುದಿಲ್ಲ ಅಂದಾಗ ಒಮ್ಮೆ ಉಸಿರು ಬಿಟ್ಟ.

ಪಾರ್ವತಿ ನಿಂತುಕೊಂಡೇ ಕೇಳಿದಳು. ಕಡೆಗೆ, "ಅತ್ತೀ, ಊಟ ಎಲ್ಲಿ ಮಾಡತೀರಿ?" ಅಂದಳು.

"ಹಿತ್ತಲ ಕಟ್ಟಿ ಮ್ಯಾಲೆ. ಹಳೀ ದನದ ಕೊಟಗಿ ಖಾಲಿ ಅದ, ಕೆಲಸ ಅಲ್ಲಿ. ನನ್ನ ತಾಟು ಬ್ಯಾರೆ ಇಡು."

"ಹಂಗ ಎಲ್ಲ ಬಿಟ್ಟು ಕೂಡತೀರಿ? ಸ್ನಾನ ಮಾಡಿದರ ಹೋಗೂದಿಲ್ಲೇನ್ರಿ ಅದು?"

"ಸ್ನಾನ ಮಾಡಿದರ ಹೋಗತದ. ಮಂದಿ ಬಾಯಾಗಿಂದು ಹೋಗೂದಿಲ್ಲ. ಒಂದು ದಿನ ಒಳಗ, ಒಂದು ದಿನ ಹೊರಗ ಅಂದರ ಯಾರೂ ನಂಬೂದಿಲ್ಲ. ದಾಮೂನ ಕೈ ನಂಬಬೇಕಂದರ ನಾ ಪೂರಾ ಹೊರಗಿರಬೇಕು."

ಅವಳು ಕಣ್ಣು ಒರೆಸಿಕೊಂಡಳು. ಅಳುವಂಥದ್ದು ಏನು ಅಂತ ನಾನು ಕೇಳಲಿಲ್ಲ. ಸಂಜೆ ದೇವರ ಮುಂದಿನ ದೀಪದ ಬತ್ತಿ ಹೇಗೆ ಹೊಸೆಯಬೇಕು ಅಂತ ಅವಳಿಗೆ ತೋರಿಸಿದೆ. ಅವಳಿಗೆ ಮೊದಲೇ ಬರುತ್ತಿತ್ತು. ಆದರೂ ತೋರಿಸಿದೆ, ಅವಳೂ ಬರದವಳ ಹಾಗೆ ನೋಡಿದಳು. ಆ ದಿನ ದೀಪ ಅವಳು ಹಚ್ಚಿದಳು. ನಾನು ಹೊಸಿಲಿನ ಈಚೆ ನಿಂತು ಕೈ ಮುಗಿದೆ.

ಮರುದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಒಂದು ಮುಚ್ಚಳದ ಡಬ್ಬಿ ತೆಗೆದುಕೊಂಡು ಕ್ಯಾಂಪಿಗೆ ನಡೆದೆ. ಇಷ್ಟು ವರ್ಷ ಕ್ಯಾಂಪಿನ ಮಾರ್ಕೆಟ್ಟಿಗೆ ಹೋದರೆ ನಾನು ಮೂಗಿಗೆ ಸೆರಗು ಹಿಡಿದು ದಾಟುವ ಒಂದು ಸಾಲು ಇತ್ತು. ಅದರೊಳಗೆ ಹೊಕ್ಕೆ. ಕುರಿಗಳನ್ನು ತೂಗುಹಾಕಿದ್ದರು. ಕಸಾಯಿ ನನ್ನ ಬೋಳು ಹಣೆ ನೋಡಿದ, ಸೀರೆ ನೋಡಿದ, ಕತ್ತಿ ಕೆಳಗೆ ಇಟ್ಟ.

"ಆಜೀ, ವಾಟ್ ಚುಕಲಾತ್ ಕಾ?" ಅಂದ. ಹಾದಿ ತಪ್ಪಿ ಬಂದಿರೇನು ಅಂತ.

"ನಾಹೀ" ಅಂದೆ. ಮೂತ್ರಪಿಂಡದ ಸುತ್ತಲಿನ ಚರಬಿ ಬೇಕು, ಎಳೆಯ ಕುರಿಯದಿರಲಿ, ರಕ್ತ ಹತ್ತಿರಬಾರದು ಅಂತ ಮರಾಠಿಯಲ್ಲಿ ಹೇಳಿದೆ.

ಅವನು ಏನೂ ಕೇಳದೆ ಆರಿಸಿ, ಎಲೆಯಲ್ಲಿ ಸುತ್ತಿ, ಕೈಗೆ ಕೊಡಬೇಕೋ ನೆಲಕ್ಕೆ ಇಡಬೇಕೋ ತಿಳಿಯದೆ ನಿಂತ. ನಾನು ಕೈ ಚಾಚಿ ತೆಗೆದುಕೊಂಡು ಡಬ್ಬಿಗೆ ಹಾಕಿದೆ. ಹಿಂದಿನ ಓಣಿಯಿಂದ ಬಂದರೆ ಯಾರ ಕಣ್ಣಿಗೂ ಬೀಳದೆ ಮನೆ ಸೇರಬಹುದಿತ್ತು. ನಾನು ಪೇಟೆಯ ನಡುವಿನ ದೊಡ್ಡ ಹಾದಿ ಹಿಡಿದೆ. ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳು ಡಬ್ಬಿಯಲ್ಲಿ ಏನು ಅಂತ ಕೇಳಿದರು. ಕೇಳಿದವರಿಗೆಲ್ಲ ಮುಚ್ಚಳ ತೆಗೆದು ತೋರಿಸುತ್ತ ಮನೆಗೆ ಬಂದೆ.